ಕ್ರೀಡಾಂಗಣದ ಹುಲ್ಲು ಮಹಾಶಯರ ಸನ್ನಿಧಿಗೆ

ಮಾನ್ಯ ಹುಲ್ಲು ಮಹಾಶಯರೇ,

ನಮ್ಮೂರ ಕ್ರೀಡಾಂಗಣದ ನಟ್ಟನಡುವೆ ಹಗ್ಗ, ಫಲಕ, ನಾಲ್ಕು ನೀರಿನ ಕೊಳವೆ ಮತ್ತು ಒಬ್ಬ ಕಾವಲುಗಾರನ ರಕ್ಷಣೆಯಲ್ಲಿ ಸುಖವಾಗಿ ಹಬ್ಬಿಕೊಂಡಿರುವ ತಮ್ಮ ಪಾದಗಳಿಗೆ, ಪಾದಗಳಿಲ್ಲದಿದ್ದರೆ ಬೇರುಗಳಿಗೆ, ಎರಡನೇ ಗೇಟಿನ ಎದುರು ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಾವು ಕ್ಷೇಮವಾಗಿಲ್ಲದಿದ್ದರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಸುದ್ದಿಯಾಗಿ, ಕಚೇರಿಗೆ ಅರ್ಧ ದಿನ ರಜೆ ಸಾರಿ, ತಜ್ಞರ ಜೀಪು ಬಂದು ನಿಂತಿರುತ್ತಿತ್ತು.

ಮನುಷ್ಯರನ್ನು ಬಿಟ್ಟು ಹುಲ್ಲಿಗೆ ಪತ್ರ ಬರೆಯುತ್ತಿದ್ದಾನಲ್ಲ, ಇವನಿಗೇನಾಗಿದೆ ಎಂದು ತಾವು ಹುಬ್ಬೇರಿಸಬಾರದು. ಕ್ರೀಡಾಂಗಣದ ಮೇಲ್ವಿಚಾರಕರ ಕಚೇರಿಗೆ ನಾನು ತಿರುಗಿದ್ದು ಚಪ್ಪಲಿ ಸವೆಯುವಷ್ಟು. ಪ್ರತಿ ಸಲವೂ ಅವರು ಕೈಚೆಲ್ಲಿ ಹೇಳಿದ್ದು ಒಂದೇ ಮಾತು: "ನನ್ ಕೈಲಿ ಏನಿದೆ ಹೇಳಿ? ಎಲ್ಲಾ ಹುಲ್ಲಿನ ಮೇಲೆ ನಿಂತಿದೆ." ಅಧಿಕಾರ ಯಾರ ಕೈಯಲ್ಲಿದೆಯೋ ಅವರಿಗೇ ನೇರವಾಗಿ ಅಹವಾಲು ಸಲ್ಲಿಸುವುದು ಕ್ರಮವಾದ್ದರಿಂದ ಈ ಬಹಿರಂಗ ಪತ್ರ.

ತಾವು ಈ ಊರಿಗೆ ಹೊಸಬರು. ಚಾಪೆಯ ಹಾಗೆ ಸುತ್ತಿಸಿಕೊಂಡು, ಲಾರಿಯಲ್ಲಿ ಮಲಗಿ, ತಂಪು ಹೊತ್ತಿನಲ್ಲಿ ಬಂದಿಳಿದವರು. ತಾವು ಮಲಗಿರುವ ಜಾಗದ ಪೂರ್ವಾಪರ ತಮಗೆ ಯಾರೂ ಹೇಳಿರಲಾರರು. ಇಲ್ಲಿ ಮೊದಲು ಇಟ್ಟಿಗೆ ಗೂಡು ಇತ್ತು. ಕೆಲಸ ಮುಗಿದ ಮೇಲೆ ಸುಮ್ಮನೆ ಕೂರಲಾಗದ ಇಟ್ಟಿಗೆ ಕೆಲಸದವರು ಒಡೆದ ಇಟ್ಟಿಗೆಗಳನ್ನು ಪೇರಿಸಿ ಗೋಲು ಮಾಡಿಕೊಂಡು ಚೆಂಡು ಒದೆಯಲು ಶುರುಮಾಡಿದರು. ಜೇಡಿಮಣ್ಣು ತೆಗೆದ ಹೊಂಡಗಳು ಎರಡೂ ಗೋಲುಗಳ ಬೆನ್ನಿಗೇ ಇದ್ದವು, ಬಲೆ ಎಂಬುದನ್ನು ಯಾರೂ ಕಂಡಿರಲಿಲ್ಲ. ಗೋಲಾದರೆ ಚೆಂಡು ಸೀದಾ ಹೊಂಡಕ್ಕೆ. ಯಾವ ಕಡೆಯ ಗೋಲ್‌ಕೀಪರ್ ಚೆಂಡು ಬಿಟ್ಟನೋ ಆ ಕಡೆಯವರೇ ಕೆಸರಿಗಿಳಿದು ತರಬೇಕು ಎಂಬುದು ಅಂದಿನ ಕಾನೂನು. ಕೆಸರಿಗಿಳಿಯಲು ಯಾರಿಗೆ ಇಷ್ಟ? ಹಾಗಾಗಿ ನಮ್ಮವರೆಲ್ಲ ನಮ್ಮ ಗೋಲ್‌ಕೀಪರನ ಬೆನ್ನ ಹಿಂದೆ ಸಾಲುಗಟ್ಟಿ ನಿಂತು ತಾವೇ ಬಲೆಯಾದರು. ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದಾಗ ಊರಿಗೆ ಊರೇ ಎದ್ದು, ಮೈದಾನ ದಾಟಿ, ಆ ತುದಿಗೆ ಹೋಗಿ ಮತ್ತೆ ಅವನ ಬೆನ್ನಿಗೆ ನಿಲ್ಲುತ್ತಿತ್ತು.

ಆಮೇಲೆ ಹೊಂಡ ಮುಚ್ಚಿದರು, ಬಲೆ ಬಂತು, ಗೋಡೆ ಎದ್ದಿತು, ಮೆಟ್ಟಿಲಿನ ಗ್ಯಾಲರಿ ಆಯಿತು. ಊರಿನವರು ಮಾತ್ರ ಗೋಲ್‌ಕೀಪರನ ಬೆನ್ನು ಬಿಡಲಿಲ್ಲ. ಬೇರೆ ಊರುಗಳಲ್ಲಿ ಜನ ಗೋಲು ಹೊಡೆಯುವವನನ್ನು ನೋಡಲು ಹೋಗುತ್ತಾರಂತೆ. ನಮ್ಮೂರಲ್ಲಿ ಗೋಲು ತಡೆಯುವವನ ಹಿಂದೆ ನಿಂತು, ಅವನ ಅಂಗಿಯ ಬೆನ್ನು ನೋಡುತ್ತಾ, ಆಟದ ಮುಕ್ಕಾಲು ಭಾಗ ಏನೂ ಕಾಣದೆ ಸಂತೋಷವಾಗಿ ಮನೆಗೆ ಬರುತ್ತೇವೆ. ಅರ್ಧಾಟದ ಆ ದಾಟುವಿಕೆಯಲ್ಲಿ, ನಮ್ಮನ್ನು ನೋಡಿ ಅದನ್ನೇ ಕಲಿತ ಎದುರು ಊರಿನ ಜನ ಮೈದಾನದ ಮಧ್ಯೆ ಎದುರಾಗುತ್ತಿದ್ದರು. ಮಾತು ಬಿಟ್ಟಿದ್ದ ಭಾವ ಭಾಮೈದಂದಿರು ಅಲ್ಲಿ ಮುಖಾಮುಖಿಯಾಗಿ, ಬೇರೆ ದಾರಿ ಕಾಣದೆ, "ಚೆನ್ನಾಗಿದೀರಾ?" ಎಂದದ್ದುಂಟು.

ಕ್ರೀಡಾಂಗಣ ಎಂದು ಹೆಸರಿಟ್ಟ ಮೇಲೆ ಕ್ರೀಡೆಯೊಂದನ್ನು ಬಿಟ್ಟು ಉಳಿದಿದ್ದಕ್ಕೆಲ್ಲ ಇದು ಸಲ್ಲಲು ಆರಂಭಿಸಿತು. ಬಂದ ಅಧ್ಯಕ್ಷರೆಲ್ಲ ಒಂದೇ ಗ್ಯಾಲರಿಗೆ ಒಂದೊಂದು ಅಡಿಗಲ್ಲು ಹಾಕಿ ಹೋದರು. ಕಲ್ಲುಗಳು ಸಾಕಷ್ಟಾದ ಮೇಲೆ ಅವನ್ನೇ ಜೋಡಿಸಿ ಪಶ್ಚಿಮದ ಮೆಟ್ಟಿಲು ಕಟ್ಟಿದ್ದೇವೆ, ಇಂದಿಗೂ ನಾವು ಕೂರುವುದು ಗಣ್ಯರ ಹೆಸರುಗಳ ಮೇಲೆಯೇ. ಮತ ಎಣಿಕೆ ಇಲ್ಲಿ ನಡೆಯಿತು. ಹೆಲಿಕಾಪ್ಟರ್ ಇಳಿದು ಅದರ ಗಾಳಿಗೆ ಗೋಲುಕಂಬ ವಾಲಿತು, ನೆಟ್ಟಗೆ ಮಾಡಿಸಲು ಇನ್ನೊಂದು ಹೆಲಿಕಾಪ್ಟರ್ ಬರಬೇಕೇನೋ ಎಂದು ನಾವು ಬಹಳ ಕಾಲ ಕಾದೆವು. ಸರ್ಕಸ್ಸಿನವರು ಬಂದು ಹೋದ ಮೇಲೆ ಆನೆ ಹೆಜ್ಜೆಯ ಗುಂಡಿಗಳಲ್ಲಿ ನಮ್ಮ ಎಡಬದಿಯ ಓಟಗಾರ ಕಾಲು ಉಳುಕಿಸಿಕೊಂಡು ಶಾಶ್ವತವಾಗಿ ಬಲಬದಿಯವನಾದ. ವಾಹನ ಚಾಲನೆಯ ಪರೀಕ್ಷೆ, ಪೊಲೀಸ್ ನೇಮಕಾತಿಯ ಓಟ, ತಂಗಳು ಪೆಟ್ಟಿಗೆ ಎನ್ನುವ ಫ್ರಿಜ್ಜುಗಳ ಪ್ರದರ್ಶನ, ಯಾರದೋ ಮದುವೆಯ ಆರತಕ್ಷತೆ ಎಲ್ಲವನ್ನೂ ಈ ನೆಲ ಸಹಿಸಿತು. ನಡುವೆ ಬಿಡುವಾದಾಗ ನಾವು ಫುಟ್‌ಬಾಲ್ ಆಡಿಕೊಂಡೆವು.

ಆಮೇಲೆ ತಾವು ಆಗಮಿಸಿದಿರಿ.

ತಮ್ಮ ಸೌಂದರ್ಯದ ಬಗ್ಗೆ ನನ್ನದು ಎರಡು ಮಾತಿಲ್ಲ. ಕಣ್ಣಿಗೆ ಹಸಿರು ಒಳ್ಳೆಯದು ಎಂದು ಗಿರಾಕಿಗಳಿಗೆ ದಿನಾ ಹೇಳುವವನು ನಾನು. ಯಾರನ್ನಾದರೂ ಲೆಕ್ಕಕ್ಕೇ ಇಡದಿದ್ದರೆ ಹುಲ್ಲಿಗೆ ಸಮ ಎಂದು ನಮ್ಮಲ್ಲಿ ಹೇಳುವ ರೂಢಿಯಿತ್ತು. ತಾವು ಬಂದ ಮೇಲೆ ಹಾಗೆ ಅನ್ನಿಸಿಕೊಂಡವರು ಎದೆಯುಬ್ಬಿಸಿ ನಡೆಯುತ್ತಿದ್ದಾರೆ. ನಮ್ಮ ಬೀದಿಯ ನಲ್ಲಿಗಳು ಬುಸ್ ಎಂದು ಗಾಳಿ ಬಿಡುವ ಬೇಸಿಗೆಯಲ್ಲಿಯೂ ತಮಗೆ ಬೆಳಿಗ್ಗೆ ಬೆಳಿಗ್ಗೆ ಟ್ಯಾಂಕರ್ ನೀರಿನ ಸ್ನಾನ. ಕಾಗೆ ಕೂತರೆ ಕಾವಲುಗಾರ ಸೀಟಿ ಊದುತ್ತಾನೆ. ನಾಯಿ ಇಣುಕಿದರೆ ಎರಡು ಸಲ ಊದುತ್ತಾನೆ. ಈ ಕ್ರೀಡಾಂಗಣದಲ್ಲಿ ಸೀಟಿಯ ಸದ್ದು ಕೇಳಿ ಬಹಳ ದಿನವಾಗಿದ್ದ ನಮಗೆ ಅದೇ ಒಂದು ಸಮಾಧಾನವಾಗಿತ್ತು.

ಆ ಟ್ಯಾಂಕರ್ ಓಡಿಸಿಕೊಂಡು ಬರುವವಳು ನನ್ನ ಅಕ್ಕ. ತಾವು ಅವಳನ್ನು ಬಲ್ಲಿರಿ: ಎತ್ತರದ ಹೆಂಗಸು, ಖಾಕಿ ಅಂಗಿ, ಇಳಿಯುವಾಗ ಎಡಗಾಲನ್ನು ಕೈಯಿಂದ ಎತ್ತಿ ಇಡುವವಳು. ಹಗ್ಗದ ಆಚೆ ನಿಂತು, ಒಂದು ಬೆರಳೂ ತಮ್ಮ ಮೇಲೆ ಊರದೆ, ಕೊಳವೆ ಹಿಡಿದು ತಮಗೆ ನೀರುಣಿಸುವವಳು. ಅವಳು ಊರಿನ ಹೆಂಗಸರ ತಂಡದ ಗೋಲ್‌ಕೀಪರ್ ಎಂಬುದು ಮೊನ್ನೆಮೊನ್ನೆಯವರೆಗೆ ಪ್ರಾಯಶಃ ತಮಗೆ ತಿಳಿದಿರಲಾರದು, ಏಕೆಂದರೆ ಆ ವೇಷದಲ್ಲಿ ಅವಳನ್ನು ಇಲ್ಲಿ ಒಳಗೆ ಬಿಟ್ಟವರೇ ಇರಲಿಲ್ಲ. ತಂಡದವರು ಅವಳನ್ನು ಕರೆಯುವುದು ಬಾಗಿಲಕ್ಕ ಎಂದು. ಅವಳು ಮುಚ್ಚಿದರೆ ಮುಚ್ಚಿದ ಹಾಗೆ. ಹೆಂಗಸರ ತಂಡ ಕ್ರೀಡಾಂಗಣ ಕೇಳಿದಾಗಲೆಲ್ಲ ಅಂದೇ ಯಾವುದಾದರೂ ಸಮಾರಂಭ ಇರುತ್ತಿತ್ತು. ಆದ್ದರಿಂದ ಅವರು ತಮ್ಮ ತವರಿನ ಪಂದ್ಯಗಳನ್ನೆಲ್ಲ ಆಡಿದ್ದು ನೀರಿನ ಟ್ಯಾಂಕಿನ ಅಂಗಳದಲ್ಲಿ. ಅಲ್ಲಿ ಗೋಲಿನ ಹಿಂದೆ ಒಂದು ಮೊಳಕ್ಕೆ ಕಾಂಪೌಂಡು. ಅವಳು ಪ್ರಾಯವನ್ನೆಲ್ಲ ಗೋಡೆಗೆ ಬೆನ್ನುಕೊಟ್ಟು ಕಳೆದಳು. ಊರು ನಿಲ್ಲಬೇಕೆಂದರೂ ನಿಲ್ಲಲು ಅಲ್ಲಿ ಜಾಗವಿರಲಿಲ್ಲ.

ಈ ವರ್ಷ ಮೊಣಕಾಲು ನೋಡಿದ ಡಾಕ್ಟರು, ಇನ್ನು ಸಾಕು ಎಂದರು. ಇದೇ ವರ್ಷ, ಯಾರ ಕಣ್ಣು ತಪ್ಪಿತೋ, ನಮ್ಮ ತಂಡ ಪ್ರಾಂತ್ಯದ ಫೈನಲ್ ತಲುಪಿತು, ಪಂದ್ಯ ನಮ್ಮೂರಿಗೇ ಬಂತು. ಅಂದು ಅಕ್ಕ ಅಂಗಡಿಗೆ ಬಂದು, ಗಿರಾಕಿಯ ಕುರ್ಚಿಯಲ್ಲಿ ಕೂತು, ಚೌಕಟ್ಟುಗಳನ್ನು ಸುಮ್ಮನೆ ತಿರುವಿ ಹಾಕುತ್ತಾ ಹೇಳಿದ್ದು ಇಷ್ಟು: "ಗೆಲ್ಲೋದು ಸೋಲೋದು ಬಿಡೋ. ಒಂದೇ ಒಂದ್ಸಲ ನನ್ ಬೆನ್ನ ಹಿಂದೆ ಊರು ನಿಲ್ಬೇಕು. ಆಮೇಲೆ ಬೂಟು ಕಳಚಿಡ್ತೀನಿ." ನನ್ನ ಅಕ್ಕ ನನ್ನ ಹತ್ತಿರ ಏನಾದರೂ ಬೇಕು ಎಂದದ್ದು ಅದೇ ಮೊದಲು. ಗಾಜು ಒರೆಸುವ ಬಟ್ಟೆಯಿಂದ ನನ್ನದೇ ಕನ್ನಡಕ ಒರೆಸಿಕೊಂಡೆ.

ಮೇಲ್ವಿಚಾರಕರನ್ನು ಕಂಡೆವು. ಅವರು ಕೆಟ್ಟವರಲ್ಲ, ಹುಲ್ಲು ಮಹಾಶಯರಾದ ತಮ್ಮನ್ನು ಪ್ರೀತಿಸುತ್ತಾರೆ ಅಷ್ಟೆ. ಮೇಜಿನ ಗಾಜಿನಡಿ ಮಕ್ಕಳ ಫೋಟೋ ಇಡುವ ಜಾಗದಲ್ಲಿ ತಮ್ಮ ಫೋಟೋ ಇಟ್ಟುಕೊಂಡಿದ್ದಾರೆ. "ಹುಲ್ಲು ಇನ್ನೂ ಹೊಂದ್ಕೊಂಡಿಲ್ಲ. ಈಗ ಫುಟ್‌ಬಾಲ್ ಅಂದ್ರೆ ಅದರ ಎದೆ ಒಡೆದುಹೋಗುತ್ತೆ. ಎದುರು ಊರಲ್ಲೇ ಆಡ್ಕೊಳ್ಳಿ, ಅಲ್ಲಿ ಬರೀ ಮಣ್ಣು," ಎಂದರು. ಹೋದ ವಾರವಷ್ಟೇ ಸೋಪಿನ ಕಂಪನಿಯವರ ಕೂಟಕ್ಕೆ ಸಾವಿರ ಕುರ್ಚಿ ಇದೇ ಹುಲ್ಲಿನ ಮೇಲೆ ಹಾಕಿದ್ದರಲ್ಲ ಎಂದು ನಾನು ಮೆಲ್ಲಗೆ ನೆನಪಿಸಿದೆ. ಅವರು ನನ್ನನ್ನು ಏನೂ ತಿಳಿಯದವನಂತೆ ನೋಡಿದರು. "ಅದು ಸಮಾರಂಭ ಕಣ್ರೀ. ಸಮಾರಂಭಕ್ಕೆ ಕೊಡಬಹುದು. ಆಟಕ್ಕೆ ಕೊಡಕ್ಕಾಗಲ್ಲ."

ಮಾನ್ಯರೇ, ಇಷ್ಟು ಸ್ಪಷ್ಟವಾಗಿ ದಾರಿ ತೋರಿಸುವ ಅಧಿಕಾರಿಗಳು ಎಷ್ಟು ಜನ ಇದ್ದಾರೆ? ಮರುದಿನ ಟೈ ಕಟ್ಟಿಕೊಂಡು ಹೋಗಿ, ನಗರದ ನೀರು ಸರಬರಾಜಿನ ಹಿರಿಯ ಚಾಲಕಿಯೊಬ್ಬರಿಗೆ ಭಾನುವಾರ ಸಂಜೆ ಬೀಳ್ಕೊಡುಗೆ ಸಮಾರಂಭ ಏರ್ಪಡಿಸಿದ್ದೇವೆ, ತಾವೇ ಮುಖ್ಯ ಅತಿಥಿಗಳಾಗಬೇಕು ಎಂದು ಬಿನ್ನವಿಸಿಕೊಂಡೆ. ಅವರ ಮುಖ ಅರಳಿತು. ಹುಲ್ಲಿನ ಮೇಲೆ ಎಷ್ಟು ಜನ ಎಂದು ಕೇಳಿದರು. ಇಪ್ಪತ್ತೆರಡು ಎಂದೆ. "ಬರೀ ಇಪ್ಪತ್ತೆರಡಾ? ಪಾಪ, ಬಳಗ ಕಮ್ಮಿ ಅನ್ಸುತ್ತೆ." ಊಟ? ಒಂದೊಂದು ಹೋಳು ಕಿತ್ತಳೆ, ಅದೂ ಮಧ್ಯೆ ವಿರಾಮದಲ್ಲಿ. ಕುರ್ಚಿ? ಅವರಲ್ಲಿ ಯಾರೂ ಕೂರುವವರಲ್ಲ. ಭಾಷಣ? ಒಬ್ಬರು ಮಾತ್ರ ಆಗಾಗ ಸೀಟಿ ಊದುತ್ತಾರೆ. "ಹೊಸ ಥರ ಮಾಡ್ತಿದೀರಿ, ಒಳ್ಳೇದು," ಎಂದು ಅವರು ಅನುಮತಿ ಕೊಟ್ಟರು. ಗಮನಿಸಬೇಕು, ನಾನು ಒಂದೇ ಒಂದು ಸುಳ್ಳೂ ಹೇಳಲಿಲ್ಲ.

ಜನರಿಗೆ ತಿಳಿಸುವುದು ಹೇಗೆ? ಡಂಗುರ ಹೊಡೆದರೆ ಮೇಲ್ವಿಚಾರಕರ ಕಿವಿಗೆ ಬೀಳುತ್ತದೆ. ಕಣ್ಣು ಪರೀಕ್ಷೆಗೆ ಗೋಡೆಯಲ್ಲಿ ತೂಗುಹಾಕಿರುವ ಅಕ್ಷರದ ಹಲಗೆಯನ್ನು ಹೊಸದಾಗಿ ಬರೆಸಿ, ತೀರಾ ಕೆಳಗಿನ ಸಣ್ಣಕ್ಷರದ ಸಾಲಿನಲ್ಲಿ "ಭಾನುವಾರ ನಾಲ್ಕಕ್ಕೆ ಫೈನಲ್, ಬಾಗಿಲಕ್ಕನ ಬೆನ್ನಿಗೆ ಬನ್ನಿ" ಎಂದು ಹಾಕಿಸಿದೆ. ಓದಿದವರು ಓದಲಾರದವರಿಗೆ ಹೇಳಿದರು. ಮೇಲ್ವಿಚಾರಕರೂ ಅದೇ ವಾರ ತಲೆನೋವೆಂದು ಬಂದು ಅದೇ ಹಲಗೆಯ ಮುಂದೆ ಕೂತಾಗ ನನ್ನ ಜೀವ ಬಾಯಿಗೆ ಬಂದಿತ್ತು. ದೇವರು ದೊಡ್ಡವನು, ಅವರಿಗೆ ಮೂರನೇ ಸಾಲಿನಿಂದಾಚೆ ಏನೂ ಕಾಣಲಿಲ್ಲ.

ಭಾನುವಾರ ಅವರು ರಿಬ್ಬನ್ನಿನ ಬ್ಯಾಡ್ಜು ಹಾಕಿಸಿಕೊಂಡು, ಪಶ್ಚಿಮ ಗ್ಯಾಲರಿಯ ಮುಂದಿನ ಸೋಫಾದಲ್ಲಿ ಕೂತು, ಭಾಷಣದ ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡರು. ಇಪ್ಪತ್ತೆರಡು ಅತಿಥಿಗಳು ಚಡ್ಡಿಯಲ್ಲಿ ಓಡಿಬಂದರು. ಚೆಂಡು ಬಂತು. ಅವರು ನನ್ನ ಮೊಣಕೈ ಹಿಡಿದು, "ಇದೇನ್ರೀ ಇದು?" ಎಂದರು. ಸಾಂಸ್ಕೃತಿಕ ಕಾರ್ಯಕ್ರಮ ಸರ್ ಎಂದೆ. ಅಷ್ಟರಲ್ಲಿ ಸೀಟಿಯಾಯಿತು, ಪತ್ರಿಕೆಯವನು ಅವರ ಫೋಟೋ ತೆಗೆದ, ಮುಖ್ಯ ಅತಿಥಿ ನಗಲೇಬೇಕಾಯಿತು.

ಆದರೆ ನಮ್ಮ ಯೋಜನೆಯಲ್ಲಿ ಒಂದು ತೂತು ಇತ್ತು. ಸಮಾರಂಭವೆಂದರೆ ಸಭಿಕರು ಒಂದೇ ಕಡೆ ಕೂರಬೇಕಲ್ಲ, ಬಂದ ಜನರನ್ನೆಲ್ಲ ಮೇಲ್ವಿಚಾರಕರು ಪಶ್ಚಿಮದ ಮೆಟ್ಟಿಲಿನಲ್ಲೇ ಕೂರಿಸಿ ಎರಡೂ ಗೋಲುಗಳ ಕಡೆಗೆ ಹೋಗುವ ಗ್ರಿಲ್ಲಿಗೆ ಬೀಗ ಹಾಕಿಸಿದ್ದರು. ಊರು ತುಂಬಿಕೊಂಡಿತ್ತು, ಅಕ್ಕನ ಬೆನ್ನು ಖಾಲಿಯಾಗಿತ್ತು. ಅವಳು ಒಮ್ಮೆ ಹಿಂದಿರುಗಿ ನೋಡಿದ್ದನ್ನು ನಾನು ಗ್ಯಾಲರಿಯಿಂದಲೇ ಕಂಡೆ. ಅದಾದ ಸ್ವಲ್ಪ ಹೊತ್ತಿಗೆ ಬಾಗಿಲಕ್ಕ ತಡೆಯಲಾಗದಂಥದ್ದೇನೂ ಅಲ್ಲದ ಒಂದು ಚೆಂಡು ಅವಳ ಕೈಕೆಳಗಿನಿಂದ ನುಸುಳಿ ಗೋಲಾಯಿತು. ನನಗೆ ಅಳು ಬಂತು, ಮುಚ್ಚುಮರೆ ಏನಿಲ್ಲ. ಎಲ್ಲ ಮಾಡಿ ಇಷ್ಟಕ್ಕೇ ಆಯಿತಲ್ಲ ಎನಿಸಿತು.

ಅರ್ಧಾಟದ ಸೀಟಿಯಾಯಿತು. ಊರಿನವರಿಗೆ ಆ ಸೀಟಿ ಕೇಳಿದರೆ ಕಾಲು ತಾನಾಗಿ ಏಳುತ್ತದೆ. ಎದ್ದು ನಿಂತರು. ಗ್ರಿಲ್ಲಿಗೆ ಬೀಗ, ಮುಂದೆ ತಾವು. ಕಾವಲುಗಾರ ಕೆನ್ನೆಯುಬ್ಬಿಸಿ ಊದಿದ, ಎಲ್ಲರೂ ನಿಂತಲ್ಲೇ ನಿಂತರು. ಅವನು ಮೇಲ್ವಿಚಾರಕರ ಮುಖ ಒಮ್ಮೆ, ಅಕ್ಕನ ಮುಖ ಒಮ್ಮೆ ನೋಡಿ, ಬಹಳ ಯೋಚನೆ ಮಾಡಿ ತೀರ್ಪು ಕೊಟ್ಟ: "ಹುಲ್ಲು ತುಳೀಬಾರ್ದು. ಬೇಕಾದ್ರೆ ಗೆರೆ ಮೇಲೆ ಹೋಗಿ. ಗೆರೆ ಸುಣ್ಣ, ಹುಲ್ಲಲ್ಲ." ಗ್ಯಾಲರಿಯ ಮೆಟ್ಟಿಲಿಳಿದರೆ ಮೊದಲು ಸಿಗುವುದೇ ಆ ಬಿಳಿ ಗೆರೆ.

ಆಮೇಲೆ ನಡೆದದ್ದನ್ನು ತಾವು ಕೆಳಗಿನಿಂದ ನೋಡಿದ್ದೀರಿ, ನಾನು ಮೇಲಿನಿಂದ. ಊರಿಗೆ ಊರೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಒಬ್ಬರ ಹಿಂದೊಬ್ಬರು, ಆ ಅಂಗೈಯಗಲದ ಸುಣ್ಣದ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಹೊರಟಿತು. ದರ್ಜಿ, ದಾದಿ, ಬಸ್ಸಿನ ಕಂಡಕ್ಟರು, ನನ್ನ ಅಂಗಡಿಯಲ್ಲಿ ಸಾಲ ಹೇಳಿದವರು, ಸೊಸೆಯ ಹೆಗಲು ಹಿಡಿದ ಅತ್ತೆ. ಗ್ಯಾಲರಿಯ ಆ ತುದಿಯಲ್ಲಿ ಕೂತಿದ್ದ ಎದುರು ಊರಿನ ಜನ ತಮ್ಮ ಕೀಪರಿನ ಬೆನ್ನಿಗೆಂದು ಅದೇ ಗೆರೆಯ ಮೇಲೆ ಬಂದರು. ಇಬ್ಬರು ಎದುರಾದಾಗ ಯಾರೂ ಹುಲ್ಲಿಗೆ ಕಾಲಿಡುವಂತಿಲ್ಲವಲ್ಲ, ಪರಸ್ಪರ ತೋಳು ಹಿಡಿದುಕೊಂಡು, ಅರ್ಧ ಸುತ್ತು ತಿರುಗಿ ಬದಿ ಬದಲಿಸಿಕೊಳ್ಳಬೇಕು. ದಪ್ಪಗಿನ ಸಿಹಿತಿಂಡಿ ಅಂಗಡಿಯವರು ಎದುರು ಊರಿನ ಅಷ್ಟೇ ದಪ್ಪಗಿನ ವಕೀಲರನ್ನು ಅಪ್ಪಿಕೊಂಡು ತಿರುಗಿದಾಗ ಎರಡೂ ಊರು ಚಪ್ಪಾಳೆ ತಟ್ಟಿದವು. ವಿರಾಮ ಎಷ್ಟು ಹೊತ್ತು ಎಳೆಯಿತೋ ರೆಫರಿಗೂ ಗೊತ್ತಿಲ್ಲ, ಅವರೂ ಬಾಯಿಬಿಟ್ಟು ನೋಡುತ್ತಿದ್ದರು. ತಮಗೆ ಒಂದು ಎಸಳೂ ನೋಯದಂತೆ ಊರು ಉತ್ತರದ ಗೋಲಿನ ಹಿಂದಕ್ಕೆ ಮುಟ್ಟಿತು. ಅಲ್ಲಿ ತಾವಿನ್ನೂ ಹಬ್ಬಿಲ್ಲ, ಹಳೆಯ ಇಟ್ಟಿಗೆ ಮಣ್ಣೇ ಇದೆ.

ಅಕ್ಕ ಆ ಗೋಲಿಗೆ ಬಂದು, ಕೈಗವಸು ಸರಿಮಾಡಿಕೊಂಡು, ಹಿಂದಿರುಗಿ ನೋಡಿದಳು. ಯಾರೂ ಕೂಗಲಿಲ್ಲ. ಯಾರೋ ಮುದುಕಿ ಮಾತ್ರ, "ಇದೀವಿ ಕಣಮ್ಮ, ನೀನು ಮುಂದೆ ನೋಡು," ಎಂದಳು. ಅವಳು ಮುಂದೆ ನೋಡಿದಳು. ಆಮೇಲೆ ಒಂದು ಚೆಂಡೂ ಒಳಗೆ ಬರಲಿಲ್ಲ. ಕಂಬದ ಮೇಲಿಂದ ಹಾದದ್ದನ್ನು ಊರು ಹಿಡಿದು ಅವಳ ಕೈಗೇ ಕೊಟ್ಟಿತು. ಮೊದಲರ್ಧದ ಆ ಒಂದು ಗೋಲಿನಿಂದ ನಾವು ಸೋತೆವು. ಸೋತವರ ಹಾಗೆ ಯಾರೂ ಮನೆಗೆ ಹೋಗಲಿಲ್ಲ. ಮಾರನೆಯ ದಿನ ನಮ್ಮ ಬೀದಿಗಳ ತುಂಬ ಬಿಳಿಯ ಬರಿಗಾಲಿನ ಗುರುತುಗಳಿದ್ದವು. ಮೇಲ್ವಿಚಾರಕರೂ ಕಡೆಗೆ ಭಾಷಣ ಓದಿ, ಅಕ್ಕನಿಗೆ ನೆನಪಿನ ಕಾಣಿಕೆ ಕೊಟ್ಟರು. ಕಟ್ಟು ಹಾಕಿಸಿದ ತಮ್ಮ ಫೋಟೋ ಅದು, ಮಾನ್ಯರೇ. ನಮ್ಮ ಮನೆಯ ನಡುಮನೆಯಲ್ಲಿ ತಾವೀಗ ನೇತಾಡುತ್ತಿದ್ದೀರಿ.

ಇನ್ನು ನನ್ನ ದೂರು. ಉತ್ತರದ ಗೋಲಿನ ಮುಂದೆ ಅಕ್ಕ ಕಾಲೂರಿ ನಿಂತ, ಹಿಂದೆ ಮುಂದೆ ಸರಿದ, ಬಿದ್ದು ಎದ್ದ ಜಾಗದಲ್ಲಿ ತಾವು ಎರಡು ಮೊಳದಷ್ಟು ಕಿತ್ತುಹೋಗಿ ನೆಲ ಕಾಣುತ್ತಿತ್ತು. ನಾನು ದಿನಾ ಅಂಗಡಿ ತೆರೆಯುವ ಮುಂಚೆ ಗೇಟಿನ ಸಂದಿಯಿಂದ ಅದನ್ನು ನೋಡಿ ಬರುತ್ತಿದ್ದೆ. ಅದಷ್ಟೇ ನಮ್ಮ ಬಹುಮಾನ ಎಂದುಕೊಂಡಿದ್ದೆ. ಮೇಲ್ವಿಚಾರಕರು ಆ ಜಾಗಕ್ಕೆ ಹೆಚ್ಚು ನೀರು ಬಿಡಲು ಆಜ್ಞೆ ಮಾಡಿದರು. ಬಿಡುವವಳು ಯಾರು? ಅಕ್ಕನೇ. ಹಗ್ಗದಾಚೆ ನಿಂತು, ತಾನು ನಿಂತಿದ್ದ ಗುರುತನ್ನು ತಾನೇ ನೀರು ಹಾಕಿ ಅಳಿಸುತ್ತಿದ್ದಾಳೆ. ನಾನು ಕೇಳಿಯೇಬಿಟ್ಟೆ, ನಿನಗೆ ಹೊಟ್ಟೆ ಉರಿಯಲ್ವಾ ಎಂದು. "ನೀರು ಬಿಡೋದು ನನ್ ಕೆಲಸ ಕಣೋ. ನಿಂತಿದ್ದು ನಿಂತಾಯ್ತಲ್ಲ, ಇನ್ನೇನು?" ಎಂದಳು.

ಅವಳಿಗೆ ಉರಿಯದಿದ್ದರೂ ನನಗೆ ಉರಿಯುತ್ತದೆ. ತಾವು ನಾಚಿಕೆಯಿಲ್ಲದೆ ಬೆಳೆಯುತ್ತಿದ್ದೀರಿ. ಮೊನ್ನೆ ಅಂಚು ಮುಚ್ಚಿತು, ಇಂದು ಬೆಳಿಗ್ಗೆ ನಡುವೆಯೇ ಮೊಳಕೆ ಕಂಡೆ. ಆದುದರಿಂದ ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ, ಉಳಿದೆಲ್ಲ ಕಡೆ ತಾವು ಸೊಂಪಾಗಿ, ಸೊಗಸಾಗಿ, ಮೇಲ್ವಿಚಾರಕರ ಎದೆ ತುಂಬುವಂತೆ ಬೆಳೆಯಿರಿ. ಆ ಎರಡು ಮೊಳದಲ್ಲಿ ಮಾತ್ರ ದಯವಿಟ್ಟು ಬೆಳೆಯಬೇಡಿ. ನೀರು ಕುಡಿಯಿರಿ, ಅದು ಅಕ್ಕನ ಕೈಯ ನೀರು, ಬೇಡವೆನ್ನಬೇಡಿ. ಕುಡಿದು ಸುಮ್ಮನಿರಿ.

ಇಂತು,
ತಮ್ಮನ್ನು ಇಂದಿನವರೆಗೂ ಒಮ್ಮೆಯೂ ತುಳಿಯದ
ತಮ್ಮ ವಿಶ್ವಾಸಿ,
ಬಾಗಿಲಕ್ಕನ ತಮ್ಮ

ಮರೆತ ಮಾತು: ಹೀಗೆ ಕೇಳಿದೆನೆಂದು ತಾವು ಚಿಂತಿಸಿ ಸೊರಗಬೇಕಿಲ್ಲ. ಆ ಭಾನುವಾರದ ನಂತರ ನಮ್ಮೂರಲ್ಲಿ ಇದ್ದಕ್ಕಿದ್ದಂತೆ ಸಮಾರಂಭಗಳು ಹೆಚ್ಚಿವೆ. ಗಿರಣಿಯವರ ವಾರ್ಷಿಕೋತ್ಸವ, ಶಾಲೆಯ ಹುಡುಗಿಯರ ಸ್ನೇಹಕೂಟ, ಅಂಚೆಯಣ್ಣನ ಹುಟ್ಟಿದ ದಿನ, ಒಂದೊಂದಕ್ಕೂ ಅತಿಥಿಗಳು ಸರಿಯಾಗಿ ಇಪ್ಪತ್ತೆರಡು. ಮೇಲ್ವಿಚಾರಕರು ಎಲ್ಲದಕ್ಕೂ ಒಪ್ಪಿದ್ದಾರೆ. ಮುಖ್ಯ ಅತಿಥಿಯ ಬ್ಯಾಡ್ಜು ಅವರಿಗೆ ಚೆನ್ನಾಗಿ ಒಪ್ಪುತ್ತದೆ. ಅಕ್ಕ ಇನ್ನು ಆಡುವುದಿಲ್ಲ, ಆದರೆ ಪ್ರತಿ ಸಮಾರಂಭದಲ್ಲೂ ಯಾರಾದರೂ ಒಬ್ಬರು ಆ ಎರಡು ಮೊಳದಲ್ಲಿ ನಿಲ್ಲಲೇಬೇಕು, ಅವರ ಹಿಂದೆ ಊರು ನಿಲ್ಲುತ್ತದೆ, ಊರಿನ ಜೊತೆ ಈಗ ಅಕ್ಕನೂ ನಿಲ್ಲುತ್ತಾಳೆ.